ಇನ್ನೊಬ್ಬರ ಕಣ್ಣು

ಬ್ರೆಜಿಲ್ಲಿನ ರೆಸಿಫೆಯ ಆ ಕಚೇರಿಯಲ್ಲಿ ಬೆಳಗಿನಿಂದ ಲಿಂಡಾಲ್ವ ನೆಟ್ಟಗೆ ಒಂದು ಕಡೆ ಕೂತಿರಲಿಲ್ಲ. ಕಾಫಿ ಲೋಟ ಎತ್ತುವಳು, ಇಡುವಳು. ಕುಡಿದದ್ದು ಮಾತ್ರ ಇಲ್ಲ. ಕಂಪ್ಯೂಟರ್ ಪ್ರೋಗ್ರಾಮು ಬರೆಯುವ ಅವಳ ಕಂಪನಿಗೆ ಗುಣಮಟ್ಟದ ಮೂರನೇ ಹಂತದ ಪ್ರಮಾಣಪತ್ರ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ನಾಲ್ವರಲ್ಲಿ ಅವಳೂ ಒಬ್ಬಳು. ಇಬ್ಬರು ಹೊರಗಿನವರು, ಅವಳೂ ಸೇರಿ ಇಬ್ಬರು ಕಂಪನಿಯ ಒಳಗಿನವರು. ಒಬ್ಬರು ಒಪ್ಪದಿದ್ದರೂ ಹಂತವಿಲ್ಲ. ಸಿಕ್ಕಿದರೆ ಇಡೀ ರಾಜ್ಯದ ಆಂಬುಲೆನ್ಸುಗಳ ಪ್ರೋಗ್ರಾಮಿನ ಕೆಲಸ ಇವರದೇ.

ಎದುರಿಗೆ ಕೂತವನು ಪ್ರೋಗ್ರಾಮು ಬರೆಯುವವರ ಮುಖ್ಯಸ್ಥ, ಅವಳ ಅಕ್ಕನ ಗಂಡ ಜೆನಿವಾಲ್ದು. ಭಾವನನ್ನು ವಿಚಾರಿಸುವಲ್ಲಿ ನಾದಿನಿಗೇನು ಕೆಲಸ ಅನ್ನುತ್ತೀರಿ. ಆ ಕಂಪನಿಯಲ್ಲಿ ಒಬ್ಬರಿಗೊಬ್ಬರು ನೆಂಟರಲ್ಲದವರನ್ನು ಹುಡುಕುವುದೇ ಕಷ್ಟ, ಬಿಡಿ.

"ಒಬ್ರು ಬರೆದ ಪ್ರೋಗ್ರಾಮನ್ನ ಇನ್ನೊಬ್ರು ನೋಡ್ದೆ ಹೊರಗೆ ಬಿಡಲ್ಲ, ಅಲ್ವಾ?" ಆ ನಾಲ್ವರ ತಂಡದ ಮುಖ್ಯಸ್ಥೆ, ಹೊರಗಿನಿಂದ ಬಂದ ದೋನಾ ಟೆಲ್ಮಾ ಕೇಳಿದರು.

"ಬಿಡೋದುಂಟಾ, ದೋನಾ ಟೆಲ್ಮಾ? ನಮ್ ಹುಡುಗ್ರು ಬೇಕಾದ್ರೆ ಕಾರ್ನಿವಲ್‌ಗೆ ಚಕ್ಕರ್ ಹಾಕ್ತಾರೆ, ಇದಕ್ಕಲ್ಲ," ಎಂದ ಜೆನಿವಾಲ್ದು.

ಎಲ್ಲರೂ ನಕ್ಕರು. ಲಿಂಡಾಲ್ವ ಮತ್ತೆ ಕಾಫಿ ಲೋಟ ಎತ್ತಿ ಇಟ್ಟಳು. ಯಾವ ಆಂಬುಲೆನ್ಸ್ ಯಾವ ಬೀದಿಗೆ ಹೋಗಬೇಕೆಂದು ಹೇಳುವ ಹೊಸ ಪ್ರೋಗ್ರಾಮನ್ನು ಭಾವ ಒಬ್ಬನೇ ಬರೆದಿದ್ದ, ಇನ್ನೊಬ್ಬರು ನೋಡಿರಲಿಲ್ಲ. ಯಾರಿಗೂ ಪುರುಸೊತ್ತಿರಲಿಲ್ಲ. ಭಾನುವಾರ ಊಟಕ್ಕೆ ಕೂತಾಗ ಅವನೇ ಬಾಯಿಬಿಟ್ಟಿದ್ದ. ಶುಕ್ರವಾರದಿಂದ ಊರಿನ ಆಂಬುಲೆನ್ಸುಗಳೆಲ್ಲ ಅದು ಹೇಳಿದಂತೆ ಓಡಬೇಕು.

ಆದರೆ ತಂಡಕ್ಕೊಂದು ನಿಯಮವಿದೆ. ಈ ಕೋಣೆಯಲ್ಲಿ ಕಂಡದ್ದು, ಕೇಳಿದ್ದು ಮಾತ್ರ ಲೆಕ್ಕ; ಮನೆಯಲ್ಲಿ ಕಿವಿಗೆ ಬಿದ್ದದ್ದು ಇಲ್ಲಿ ನಡೆಯದು. ಬಾಯಿ ಮುಚ್ಚಿಕೊಂಡು ಒಪ್ಪಿದರೆ ಅವಳನ್ನು ಯಾರೂ ತಪ್ಪು ಅನ್ನುವಂತಿಲ್ಲ. ಸದ್ಯ, ಬಚಾವಾದೆ ಎಂದುಕೊಂಡಳು. ಮೇಜಿನ ಕೆಳಗೆ ಕಾಲು ಮಾತ್ರ ಕುಣಿಯುತ್ತಲೇ ಇತ್ತು. ಇದೆಂಥ ಹಾಳು ನೆಮ್ಮದಿ.

ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟಳು. "ಆಂಬುಲೆನ್ಸಿನ ಹೊಸ ಪ್ರೋಗ್ರಾಮನ್ನ ನೋಡಿದ್ದು ಯಾರು, ಭಾವ?"

ಜೆನಿವಾಲ್ದು ಒಂದಿಷ್ಟೂ ತಡವರಿಸಲಿಲ್ಲ. "ಒಳ್ಳೇ ಕಥೆ. ನೀನೇ ಅಲ್ವೇನೇ ನೋಡಿದ್ದು?" ಹೊರಗಿನವರ ಕಡೆ ತಿರುಗಿ, "ಇವಳ ಕಣ್ಣು ತಪ್ಪಿಸಿ ಒಂದು ಇರುವೇನೂ ಹೋಗಲ್ಲ," ಎಂದ.

ದನಿಯಲ್ಲಿ ನಿಜವಾದ ಅಕ್ಕರೆಯಿತ್ತು. ಅದಕ್ಕೇ ಅವಳಿಗೆ ಮೈ ಉರಿಯಿತು. ಮನೆಯವಳು, ಇಲ್ಲ ಅನ್ನಲಾರಳು ಎನ್ನುವ ಅವನ ಧೈರ್ಯ ನೋಡಿ.

ದೋನಾ ಟೆಲ್ಮಾ ಕನ್ನಡಕ ತೆಗೆದರು. "ಹೌದಾ, ಲಿಂಡಾಲ್ವ?"

ಈಗ ಇದು ಊಟದ ಮೇಜಿನ ಮಾತಲ್ಲ, ಈ ಕೋಣೆಯಲ್ಲೇ ಆಡಿದ ಮಾತು.

"ಇಲ್ಲ," ಎಂದಳು. "ನಾನು ನೋಡಿಲ್ಲ. ಯಾರೂ ನೋಡಿಲ್ಲ."

ಹಂತ ಕೈತಪ್ಪಿತು. ಶುಕ್ರವಾರ ಶುರುವಾಗಬೇಕಿದ್ದ ಹೊಸ ಪ್ರೋಗ್ರಾಮೂ ನಿಂತಿತು. ದಿನವೂ ಅವಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದ ಭಾವ ಇವತ್ತು ತಿರುಗಿಯೂ ನೋಡದೆ ಕಾರು ತೆಗೆದ. ಅವಳು ಬಸ್ಸಿಗೆ ಕಾಯುತ್ತಿದ್ದಾಗ ಅಕ್ಕ ಮರಿನೇಸಳ ಫೋನ್ ಬಂತು.

"ಹೂಂ ಅಂದಿದ್ರೆ ನಿನ್ ಗಂಟೇನಾದ್ರೂ ಹೋಗ್ತಿತ್ತೇನೇ? ಉಂಡ ಮನೆಗೇ ಎರಡು ಬಗೆದ್ಯಲ್ಲ."

ಲಿಂಡಾಲ್ವ ನಿಂತಲ್ಲಿ ನಿಲ್ಲಲಾರದೆ ಅತ್ತಿಂದಿತ್ತ ಓಡಾಡಿದಳು. ಅಳು ಉಕ್ಕಿ ಬಂತು.

"ಅಕ್ಕಾ, ಅಮ್ಮಂಗೆ ಎದೆನೋವು ಬಂದ್ರೆ ನೀನು ಯಾವ ಗಾಡಿ ಕರೀತೀಯಾ?"

"ಬಸ್ಸು ಬಂತೇನೇ?" ಎಂದಳು ಅಕ್ಕ, ದನಿ ತಗ್ಗಿಸಿ. ಫೋನ್ ಇಡಲಿಲ್ಲ.