ಆರಕ್ಕೆ ಮುಂಚೆ

“ಹೋಗಿದ್ದು ಎಷ್ಟೊತ್ತಿಗಮ್ಮ?” ಪಂಚಾಂಗದ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೋದಂಡರಾಮಪ್ಪ ಎರಡನೇ ಸಲ ಕೇಳಿದರು. ಸತ್ತವನ ಚಿಕ್ಕಪ್ಪ ಅವರು. “ಏಳೂ ಹತ್ತಕ್ಕೆ ನಕ್ಷತ್ರ ಬದಲಾಗುತ್ತೆ. ಅದಕ್ಕೆ ಮುಂಚೆ ಆಗಿದ್ರೆ ದೋಷ ಇಲ್ಲ. ಆಮೇಲಾದ್ರೆ ಆರು ತಿಂಗ್ಳು ಮನೆ ಬಾಗ್ಲು ಹಾಕ್ಬೇಕಾಗುತ್ತೆ.”

ಗಂಡನ ತಲೆಯ ಬಳಿ ಕೂತಿದ್ದ ಗಂಗಾಲಕ್ಷ್ಮಿ ದೀಪಕ್ಕೆ ಎಣ್ಣೆ ಹೊಯ್ದಳು.

“ನಿದ್ದೇಲಿ ಹೋದೋರ ಟೈಮು ಯಾರಿಗ್ ಗೊತ್ತಾಗುತ್ತೆ?” ಬೈರಕೂರಿನಿಂದ ಬಂದಿದ್ದ ನಾದಿನಿ ಮುನಿಲಕ್ಷ್ಮಿ ಮೂಗೊರೆಸಿಕೊಂಡಳು. “ನಿದ್ದೆ ನಿದ್ದೆ ಅಂತ ಒದ್ದಾಡಿ ನಿದ್ದೇಲೇ ಹೋದ ನಮ್ಮಣ್ಣ, ಪುಣ್ಯಾತ್ಮ. ಆರಕ್ಕೇ ಅಂತ ಇಟ್ಕೊಳ್ಳಿ.” ಅತ್ತಿಗೆಯ ಕಡೆ ತಿರುಗಿದಳು. “ಅಲ್ವಾ ವದಿನಾ?”

“ನಿನ್ನ ಕೇಳ್ಲಿಲ್ಲ ಕಣೇ. ಮಗ್ಗುಲಲ್ಲಿದ್ದೋಳು ಹೇಳ್ಲಿ.”

“ಆರಕ್ಕೆ ಮುಂಚೇನೇ,” ಎಂದಳು ಗಂಗಾಲಕ್ಷ್ಮಿ.

ಮುದುಕರು ಪಂಚಾಂಗ ಮುಚ್ಚಿದರು. ಕೂತಿದ್ದವರ ಉಸಿರು ಹಗುರಾಯಿತು.

*

ಅವಳ ಗಂಡ ಉಮಾಶಂಕರ್ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮೂರು ಪಾಳಿಯಲ್ಲೂ ದುಡಿದವನು. ವಾರಕ್ಕೊಮ್ಮೆ ನಿದ್ದೆಯ ಹೊತ್ತು ಬದಲಾದರೂ ತಲೆಯಿಟ್ಟಲ್ಲಿ ಮಲಗುತ್ತಿದ್ದ. ಅರ್ಧ ಜನರನ್ನು ತೆಗೆಯುತ್ತಾರೆಂಬ ಸುದ್ದಿ ಹಬ್ಬಿ, ರಾತ್ರಿ ಪಾಳಿ ನಿಂತಿತು. ಅದರ ಜೊತೆಗೆ ಅವನ ನಿದ್ದೆಯೂ ನಿಂತಿತು. ಬೆಳಗಿನ ಜಾವ ನಾಲ್ಕಕ್ಕೆ ರೆಪ್ಪೆ ಕೂಡಿದರೆ, ಮಧ್ಯಾಹ್ನ ಯಂತ್ರದ ಮುಂದೆ ತೂಕಡಿಕೆ.

ಕೋಲಾರದ ಡಾಕ್ಟರು ಮಾತ್ರೆ ಕೊಡಲಿಲ್ಲ, ನಿಯಮ ಬರೆದುಕೊಟ್ಟರು. ರಾತ್ರಿ ಎಷ್ಟೊತ್ತಿಗೆ ನಿದ್ದೆ ಬಂದರೂ ಬೆಳಿಗ್ಗೆ ಆರಕ್ಕೆ ಏಳಲೇಬೇಕು. ಹಗಲು ಒರಗಬಾರದು. “ಕರುಣೆ ತೋರಿಸ್ಬೇಡಿ,” ಎಂದು ಗಂಗಾಲಕ್ಷ್ಮಿಗೆ ಹೇಳಿದರು. ಎಬ್ಬಿಸುವ ಕೆಲಸ ಅವಳದಾಯಿತು.

“ಆರಾಯ್ತು, ಏಳ್ರೀ.” ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು.

“ಕಂಪ್ನಿಯೋರು ಸೈರನ್ ನಿಲ್ಸಿದ್ರು, ನೀನ್ ಶುರು ಮಾಡ್ದೆ ನೋಡು,” ಎಂದು ಅವನು ಕಣ್ಣು ಬಿಡದೆ ಗೊಣಗುತ್ತಿದ್ದ. ಹನ್ನೊಂದು ದಿನದಲ್ಲಿ ನಿದ್ದೆ ನಾಲ್ಕರಿಂದ ಎರಡಕ್ಕೆ ಹಿಂದೆ ಸರಿದಿತ್ತು.

ಹನ್ನೆರಡನೆಯ ದಿನ, ಅಂದರೆ ಇವತ್ತು, ಆರಕ್ಕೆ ಅವಳು ಹೋದಾಗ ಗೊರಕೆ ಜೋರಾಗಿತ್ತು. ಹಿಂದೆಂದೂ ಕೇಳದ, ಗಂಟಲಲ್ಲಿ ನೀರು ಗುಳುಗುಳಿಸುವಂಥ ಗೊರಕೆ. ಹಣೆಯಲ್ಲಿ ಬೆವರು. ಇಷ್ಟು ತಿಂಗಳ ನಿದ್ದೆ ಒಟ್ಟಿಗೆ ಬಂದಿದೆ ಎಂದುಕೊಂಡಳು. ಚಾಚಿದ ಕೈ ಹಿಂದಕ್ಕೆಳೆದುಕೊಂಡು, ಫ್ಯಾನು ಜೋರು ಮಾಡಿ, ಬಾಗಿಲು ಮುಂದೆಳೆದಳು. ಒಂದು ದಿನ, ಅಷ್ಟೆ.

ಎಂಟೂವರೆಗೆ ಟೀ ತಂದಳು.

ಪಕ್ಕದ ಬೀದಿಯ ಡಾಕ್ಟರು ಬಂದು ನೋಡಿ, “ಜೀವ ಹೋಗಿ ಒಂದು ಗಂಟೆ ಆಗಿರ್ಬಹುದು,” ಎಂದರು. “ಅದಕ್ಕೆ ಮುಂಚೆ ಏನಾದ್ರೂ ಶಬ್ದ ಬಂತಾ? ಗೊರಕೆ ಥರ?”

ಆ ಪ್ರಶ್ನೆ ಯಾಕೆಂದು ಅವಳಿಗೆ ಕೇಳಿದ ಕೂಡಲೇ ಅರ್ಥವಾಗಿತ್ತು. ಇಲ್ಲ ಎಂದಿದ್ದಳು.

*

ಮೂರು ಗಂಟೆಗೆ ಎತ್ತಿದರು. ಸ್ಮಶಾನದ ಅರ್ಧ ದಾರಿಯಲ್ಲಿ ಚಟ್ಟ ಇಳಿಸಿದರು. ಹೆಂಗಸರು ಬರುವುದು ಅಲ್ಲಿಯವರೆಗೆ. ಜೀವ ಇನ್ನೂ ಇದ್ದರೆ ಓಗೊಡಲಿ ಎಂದು, ಹತ್ತಿರದವರೊಬ್ಬರು ಸತ್ತವರ ಕಿವಿಯಲ್ಲಿ ಮೂರು ಸಲ ಕರೆಯುವುದು ಅವರ ಕಡೆಯ ಪದ್ಧತಿ. ಮಕ್ಕಳಿರಲಿಲ್ಲ.

“ನೀನೇ ಕರ್ಯಮ್ಮ,” ಎಂದರು ಕೋದಂಡರಾಮಪ್ಪ. “ಹೆಸ್ರು ಹೇಳು, ಇವತ್ತು ಪರ್ವಾಗಿಲ್ಲ.”

ಅವಳು ಬಾಗಿದಳು. ಹೆಸರು ಬಾಯಿಗೆ ಬರಲಿಲ್ಲ.

“ಆರಾಯ್ತು, ಏಳ್ರೀ.”

“ಜೋರಾಗಿ ವದಿನಾ, ಕೇಳಿಸ್ಬೇಕು,” ಮುನಿಲಕ್ಷ್ಮಿ ಬಿಕ್ಕಿದಳು.

“ಆರಾಯ್ತು, ಏಳ್ರೀ.” ಈ ಸಲ ಭುಜ ಹಿಡಿದಳು. ಮೂರನೆಯ ಸಲ ದನಿ ಹೊರಡಲಿಲ್ಲ. ಕೈ ಮಾತ್ರ ಅಲ್ಲಾಡಿಸುತ್ತಲೇ ಇತ್ತು. ಬಿದಿರು ಕಿರುಗುಟ್ಟಿತು. ಬಾಯಿಗೆ ಹಾಕಿದ್ದ ಅಕ್ಕಿಕಾಳು ತುಟಿಯಂಚಿನಿಂದ ಜಾರಿ, ಒಂದೊಂದೇ, ಅವಳ ಮುಂಗೈ ಮೇಲೆ ಬಿದ್ದವು.