ಗೊಬ್ಬರದ ಕ್ಯಾಸೆಟ್

"ಗೊಬ್ಬರದ ಕ್ಯಾಸೆಟ್ ಎಲ್ಲೈತಿ?" ಎಂದು ಹುಚ್ಚವ್ವ ಮೂರನೇ ಸಲ ಕೇಳಿದಾಗ ಮಗಳು ಶೈಲಶ್ರೀ ಕೈಯಲ್ಲಿನ ವೈರು ಕೆಳಗಿಟ್ಟಳು. ಅದು ಗೊಬ್ಬರದ ಕಂಪನಿಯೊಂದು ಹಿಂದೆಂದೋ ರೈತರಿಗೆ ಪುಕ್ಕಟೆ ಹಂಚಿದ್ದ ಜಾಹೀರಾತು. ಯಾರಿಗೂ ಬೇಡದ್ದೆಂದು ಅವಳು ಅದನ್ನು ತಿಂಗಳು ಪೂರ್ತಿ ತಿಪ್ಪೆಯಲ್ಲಿ ಹುಗಿದಿಟ್ಟು, ಮೊನ್ನೆ ತೆಗೆದು ಒಣಗಿಸಿದ್ದಳು. ಇನ್ನೂ ಹಾಕಿ ಕೇಳಿರಲಿಲ್ಲ.

ಅವಳ ಸಂಗೀತವೇ ಅಂಥದು. ಟೇಪು ಕೊಳೆಯಬೇಕು, ಆಮೇಲೆ ಅದು ಹೊರಡಿಸುವ ಗೊರಗೊರ, ಕಿರ್ರುಗಳನ್ನು ಒಂದರ ಮೇಲೊಂದು ಪೇರಿಸಬೇಕು. ತಡಸ ಊರಿನಲ್ಲಿ ಅದನ್ನು ಸಂಗೀತ ಎನ್ನುವವಳು ಅವಳೊಬ್ಬಳೇ. ಅವ್ವನ ಪ್ರಕಾರ ಅದು ಹಂದಿ ಕೊಯ್ದ ಸದ್ದು. ಆದರೂ ಎಲ್ಲೆಲ್ಲಿಯವರೋ ನಲವತ್ತು ಮಂದಿ ಮೊಬೈಲಿನಲ್ಲಿ ಕೇಳುತ್ತಿದ್ದರು. ನಲವತ್ತೇನು ಕಡಿಮೆಯೇ!

"ಜಾಹೀರಾತು ಕೇಳಿ ಏನ್ಮಾಡ್ತಿಯವ್ವ?"

"ಜಾಹೀರಾತಲ್ಲ ಅದು. ಅದರ ಮ್ಯಾಲ ನಿಮ್ಮಪ್ಪನ ಡೊಳ್ಳಿನ ಪದಾ ತುಂಬಿಸಿದ್ವಿ. ಹೆಸರು ಬರದ್ರ ಬೀಗರು ಒಯ್ದು ತಿರುಗಿ ಕೊಡೂದಿಲ್ಲಂತ ಗೊಬ್ಬರದ ಚೀಟಿ ಹಂಗ ಬಿಟ್ಟಿದ್ದೆ. ಮುಂಜಾನಿಂದ ಅದನ್ನ ಹಚ್ಚಂತ ಕೈಸನ್ನಿ ಮಾಡಾಕತ್ತಾರ."

ಶೈಲಶ್ರೀ ಒಣಗಿಸಿಟ್ಟ ಕ್ಯಾಸೆಟ್ಟಿನತ್ತ ತಿರುಗಿ ನೋಡಿದಳು. ಗಂಟಲ ಕ್ಯಾನ್ಸರ್ ಹುಣ್ಣಿಗೆಂದು ಡಾಕ್ಟರು ಅಪ್ಪ ಕನಕಪ್ಪನ ಧ್ವನಿಪೆಟ್ಟಿಗೆಯನ್ನೇ ತೆಗೆದು ಎರಡು ತಿಂಗಳಾಗಿತ್ತು. ಈಗ ಕೊರಳಿನ ತೂತಿನಿಂದಲೇ ಉಸಿರು. ಸುತ್ತ ಹತ್ತು ಹಳ್ಳಿ ಕೇಳಿದ್ದ ದನಿ ಉಳಿದದ್ದು ಆ ಟೇಪೊಂದರಲ್ಲೇ.

ಅಷ್ಟರಲ್ಲಿ ಅವನೇ ಬಾಗಿಲಿಗೆ ಬಂದ, ತಲೆ ಬಾಚಿಕೊಂಡು, ಒಗೆದ ಅಂಗಿ ತೊಟ್ಟು. ಸುಳ್ಳು ಹೇಳಲು ಅವಳಿಗೆ ನಾಲಗೆ ಬರಲಿಲ್ಲ.

"ಕೆಡಿಸೇನಿ ಅಪ್ಪಾ. ಗೊತ್ತಿಲ್ದ ತಿಪ್ಯಾಗ ಹುಗದಿದ್ದೆ."

ಅವನು ಪ್ಲೇಯರಿನತ್ತ ಬೆರಳು ಮಾಡಿದ. ಅವಳು ಕ್ಯಾಸೆಟ್ ಹಾಕಿದಳು.

ಮೊದಲು ಬರೀ ಸುಯ್ಯೆಂದಿತು. ನೀರೊಳಗಿಂದ ಬಡಿದ ಹಾಗೆ ಡೊಳ್ಳು. ದನಿ ಬಂತು, ಆದರೆ ತುಂಡು ತುಂಡಾಗಿ, ಏರುವ ಮೊದಲೇ ಕುಸಿದು ನರಳುತ್ತ. ಹುಚ್ಚವ್ವ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಹೋದಳು.

ಕನಕಪ್ಪ ಕದಲಲಿಲ್ಲ. ಹಾಡುವಾಗಿನಂತೆ ಎಡಗೈ ಕಿವಿಗಿಟ್ಟು, ಕಣ್ಣು ಮುಚ್ಚಿ, ಬಾಯಿ ತೆರೆದ. ಬಾಯಿಂದ ಏನೂ ಬರಲಿಲ್ಲ. ಕೊರಳಿನ ತೂತಿನಿಂದ ಉಸಿರು ಸೀಟಿಯಾಗಿ ಹೊರಟು, ತಾಳ ತಪ್ಪದೆ ಟೇಪಿನ ಗೊರಗೊರದಲ್ಲಿ ಸೇರಿತು. ಅಷ್ಟು ಚಂದದ ಸದ್ದನ್ನು ಶೈಲಶ್ರೀ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹಾಗನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಕೆಯಾಯಿತು.

ಕೈ ಮಾತ್ರ ಮೆಲ್ಲಗೆ ಸರಿದು ಪಕ್ಕದ ರೆಕಾರ್ಡರಿನ ಗುಂಡಿ ಒತ್ತಿತು. ಸಣ್ಣ ಕೆಂಪು ದೀಪ ಹತ್ತಿತು. ಅಪ್ಪ ಕಣ್ಣು ಬಿಟ್ಟರೆ ಕಾಣಬಾರದೆಂದು ಅವಳು ಅದಕ್ಕೆ ಅಂಗೈ ಮರೆಮಾಡಿ ಕುಳಿತಳು.