ಮುನೇಶ್ವರನ ತಿರುವಿನ ಹಾರನ್

ನಂಗೆ ಕೋಪ ಮೂಗಿನ ತುದೀಲೇ ಇರೋದು. ನನ್ ಹೆಂಡ್ತಿ ಹಫೀಜಾನ ಕೇಳಿ, ಅವ್ಳೇ ಹೇಳ್ತಾಳೆ. ಆದ್ರೆ ಅವತ್ತು ಪ್ಯಾಸೆಂಜರ್ ಮೇಲೆ ರೇಗಿದ್ದು ಮಾತ್ರ ಸುಮ್ಸುಮ್ನೆ ಅಲ್ಲ.

ನಾನು ರಸೂಲ್, ರಾಮನಗರದಲ್ಲಿ ಟೂರಿಸ್ಟ್ ವ್ಯಾನ್ ಓಡಿಸ್ತೀನಿ. ಪಕ್ಕದ ಸೀಟಲ್ಲಿ ಮೈಕ್ ಹಿಡ್ಕೊಂಡು ಕೂರೋನು ನಮ್ಮ ಗೈಡು, ಮರಳವಾಡಿ ಅನಂತರಾಜು. ಭಾನುವಾರ ಬಂತಂದ್ರೆ ಬೆಂಗ್ಳೂರಿಂದ ಜನ ತುಂಬ್ಕೊಂಡು ಹಾರೋಹಳ್ಳಿ ದಾಟಿ ಸಂಗಮ, ಆಮೇಲೆ ರಾಮದೇವರ ಬೆಟ್ಟ, ಸಾಯಂಕಾಲಕ್ಕೆ ಚನ್ನಪಟ್ಣದ ಬೊಂಬೆ ಅಂಗಡಿ. ಹೊರಡ್ತಿದ್ದಂಗೆ ಅನಂತರಾಜು ನನ್ನ ಪರಿಚಯ ಮಾಡ್ಸೋನು: "ಇವ್ರು ನಮ್ಮ ಡ್ರೈವರು, ಕರೀ ಗಡ್ಡದ ರಸೂಲ್ ಸಾಹೇಬ್ರು." ಜನ ನನ್ ಮುಖ ನೋಡ್ಕೊಂಡು ನಗೋರು. ರೇಗಿಸ್ತಾವ್ನೆ ನನ್ಮಗ ಅಂತ ನಾನೂ ಸುಮ್ನಿರ್ತಿದ್ದೆ. ಹೆಂಡ್ತಿ ಹೋದ್ಮೇಲೆ ಅವನ್ಗೆ ಆ ಮೈಕೇ ಮನೆ, ಮೈಕೇ ಸಂಸಾರ.

ಹಾರೋಹಳ್ಳಿ ಹತ್ರ ಒಂದು ತಿರುವಲ್ಲಿ ಮುನೇಶ್ವರನ ಪುಟ್ಟ ಗುಡಿ ಇತ್ತು. ಡ್ರೈವರು ಯಾವ ಜಾತಿಯೋನೇ ಆಗ್ಲಿ, ಗುಡಿ ಮುಂದೆ ಒಂದು ಹಾರನ್ ಹೊಡೆದೇ ಮುಂದಕ್ಕೋಗೋದು. ಗಾಡಿ ಕಾಯಪ್ಪಾ ಅಂತ. ನಾನು ಹಾರನ್ ಹೊಡೀತಿದ್ದಂಗೆ ಅನಂತರಾಜು ಮೈಕ್ ಎತ್ತೋನು: "ಎಡಗಡೆ ನೋಡಿ ಸ್ವಾಮಿ, ಹಿಪ್ಪುನೇರಳೆ ತೋಟ. ನೀವು ಉಡೋ ರೇಷ್ಮೆ ಶುರುವಾಗೋದೇ ಈ ಎಲೆಯಿಂದ."

ಆ ಮಳೆಗಾಲವೆಲ್ಲ ವ್ಯಾನು ಗ್ಯಾರೇಜಲ್ಲಿತ್ತು. ಅಷ್ಟರೊಳಗೆ ಫ್ಯಾಕ್ಟರಿ ಲಾರಿಗಳು ಜಾಸ್ತಿಯಾಗಿ ರಸ್ತೆ ಅಗಲ ಆಯ್ತು. ಊರೋರೇ ಪೂಜೆ ಮಾಡಿ ಮುನೇಶ್ವರನ್ನ ಒಂದು ಫರ್ಲಾಂಗು ಮುಂದಕ್ಕೆ ತಂದು ಕೂರಿಸಿದ್ರು. ಮಳೆ ನಿಂತ್ಮೇಲೆ ಮೊದಲ್ನೇ ಟ್ರಿಪ್ಪು. ದೇವ್ರು ಎಲ್ಲವ್ನೋ ಅಲ್ಲೇ ತಾನೇ ಹಾರನ್ ಹೊಡೀಬೇಕು? ಹೊಸ ಗುಡಿ ಮುಂದೆ ಹೊಡೆದೆ.

"ಎಡಗಡೆ ನೋಡಿ ಸ್ವಾಮಿ, ಹಿಪ್ಪುನೇರಳೆ ತೋಟ!"

ಎಡಗಡೆ ಇದ್ದದ್ದು ಫ್ಯಾಕ್ಟರಿ ಕಾಂಪೌಂಡು, ನೀಲಿ ತಗಡಿನ ಶೆಡ್ಡು. ತೋಟ ಆಗ್ಲೇ ಹಿಂದಕ್ಕೋಗಿತ್ತು. ಹಿಂದಿನ ಸೀಟಿಂದ ಒಬ್ಬ, "ಏನ್ ಗುರು, ಬೆಳಗ್ಗೇನೇ ಹಾಕ್ಬುಟ್ಟಿದ್ದೀಯಾ?" ಅಂದ. ವ್ಯಾನಿಗೆ ವ್ಯಾನೇ ನಕ್ತು. ಅನಂತರಾಜು ನಗ್ಲಿಲ್ಲ. ಕಿಟಕಿ ಗಾಜು ಒರೆಸ್ದ, ಕಣ್ಣು ಕಿರಿದು ಮಾಡ್ದ, ಮತ್ತೆ ಗಾಜು ಒರೆಸ್ದ.

ಆಗ ಹೊಳೀತು ನಂಗೆ. ಬೆಟ್ಟದ ಮೆಟ್ಲಲ್ಲಿ ಇವ್ನು ನನ್ ಹೆಗಲ ಮೇಲೆ ಕೈ ಇಕ್ಕೋದು ಸಲುಗೆಗಲ್ಲ. ಜನಾನ ಎಣಿಸೋವಾಗ ಒಬ್ಬೊಬ್ಬರ ತಲೆ ಮುಟ್ಟೋದು ತಮಾಷೆಗಲ್ಲ. ದಾರಿಯೆಲ್ಲ ಬಾಯಿಪಾಠ ಮಾಡ್ಕೊಂಡು, ನನ್ ಹಾರನ್ ಕೇಳ್ಕೊಂಡು ತೋರಿಸ್ತಾ ಬಂದವ್ನೆ! "ಯಾವನ್ಲಾ ಅವ್ನು ನಕ್ಕಿದ್ದು? ನಾನು ಹಾರನ್ ತಡವಾಗಿ ಹೊಡೆದೆ, ತಪ್ಪು ನಂದು!" ಅಂತ ಕೂಗ್ಬುಟ್ಟೆ. ಯಾರ್ಗೂ ತಲೆಬುಡ ಅರ್ಥ ಆಗ್ಲಿಲ್ಲ. ಅನಂತರಾಜುಗೆ ಆಯ್ತು.

ಸಂಗಮದಲ್ಲಿ ಜನ ನೀರಿಗಿಳಿದಾಗ ಕೇಳ್ದೆ. "ಎಷ್ಟು ಕಾಣ್ತದ್ಲಾ?"

"ಬೆಳಕು, ನೆರಳು, ಅಷ್ಟೆ. ಪೊರೆ ಬಂದೈತಂತೆ."

"ಆಪರೇಷನ್ ಮಾಡಿಸ್ಕೊಳ್ಳೋಕೆ ಏನ್ಲಾ ದಾಡಿ ನಿಂಗೆ?"

"ನಮ್ಮಪ್ಪಂಗೆ ಮಾಡ್ಸಿ, ಇದ್ದ ಒಸಿ ಬೆಳಕೂ ಹೋಯ್ತು ಕಣ್ಲಾ. ಹೆದರಿಕೆ ಆಯ್ತದೆ. ಓನರ್‌ಗೆ ಹೇಳ್ಬ್ಯಾಡ ಕಣೋ. ಕಣ್ಣಿಲ್ದೋನ್ನ ಯಾರು ಗೈಡ್ ಅಂತ ಇಟ್ಕೋತಾರೆ? ಈ ಮೈಕ್ ಕಿತ್ಕೊಂಡ್ರೆ ನಾನು ಯಾರ ಜೊತೆ ಮಾತಾಡ್ಲಿ?"

ಅಷ್ಟ್ರಲ್ಲಿ ಓನರ್ ಬಾಲರಾಜುಗೆ ದೂರು ಹೋಗಿತ್ತು. ಮುಂದಿನ ಭಾನುವಾರ ಅವ್ರೇ ಬಂದು ಹಿಂದೆ ಕೂತ್ರು. ನಾನು ಹಳೇ ತಿರುವಲ್ಲಿ, ಗುಡಿ ಇಲ್ದಿರೋ ಜಾಗದಲ್ಲಿ, ಉದ್ದಕ್ಕೆ ಹಾರನ್ ಹೊಡೆದೆ. "ಎಡಗಡೆ ನೋಡಿ ಸ್ವಾಮಿ" ಅಂದ ಅನಂತರಾಜು. ತೋಟ ಹಸಿರಾಗಿ ನಿಂತಿತ್ತು. ಹೊಸ ಗುಡಿ ಹತ್ರ ಇನ್ನೊಂದು ಹೊಡೆದೆ, ಅದು ದೇವ್ರಿಗೆ. ಅದಕ್ಕೆ ಬಾಯಿ ತೆಗೀಬ್ಯಾಡ ಅಂತ ಅವನ್ಗೆ ಮೊದ್ಲೇ ಹೇಳಿದ್ದೆ.

"ಹಿಂದೆ ಆ ತಿರುವಲ್ಲಿ ಯಾಕಯ್ಯಾ ಹೊಡೆದೆ? ಅಲ್ಲಿ ಯಾರೂ ಇರ್ಲಿಲ್ಲ" ಅಂದ್ರು ಬಾಲರಾಜು.

"ಗಾಡಿ ನಿಮ್ದು, ಹಾರನ್ ನಂದು" ಅಂದೆ.

ಸಾಯಂಕಾಲ ಜನ ಬೊಂಬೆ ಆರಿಸ್ತಿದ್ದಾಗ ಅನಂತರಾಜುನ ಪಕ್ಕಕ್ಕೆ ಕರೆದೆ. "ಇವತ್ತು ದಾಟಿಸ್ದೆ. ಇನ್ಮೇಲೆ ಆ ತಿರುವಲ್ಲಿ ಹಾರನ್ ಹೊಡೆಯಲ್ಲ. ನಾಳೆ ಬೆಟ್ಟದ ಮೇಲೆ ಯಾರ ಮಗುವಾದ್ರೂ ಜಾರಿದ್ರೆ ನಿಂಗೆ ಕಾಣ್ತದೇನ್ಲಾ? ನಡಿ ಆಸ್ಪತ್ರೆಗೆ." ಬೈದೆ, ಬೇಡ್ಕೊಂಡೆ, ಕೊನೆಗೆ ಆ ವಾರದಲ್ಲೇ ಒಂದಿನ ಕೈ ಹಿಡಿದು ಎಳ್ಕೊಂಡೇ ಹೋದೆ. ಆಪರೇಷನ್‌ಗೆ ಒಳಕ್ಕೆ ಕರೆಯೋವರ್ಗೂ ಅವ್ನು ನನ್ ಕೈ ಬುಡ್ಲಿಲ್ಲ. ಯಾ ಅಲ್ಲಾ, ಇರೋ ಬೆಳಕೂ ನನ್ನಿಂದಾನೇ ಹೋಗ್ಬುಟ್ರೆ ಏನ್ ಮಾಡ್ಲಿ ಅಂತ ಹೊರಗಡೆ ಬೆಂಚಲ್ಲಿ ಕೂತು ಬೆವೆತು ನೀರಾದೆ.

ಮಾರನೇ ದಿನ ಕಣ್ಣಿನ ಪಟ್ಟಿ ಬಿಚ್ಚೋವಾಗ ನರ್ಸಮ್ಮ ನನ್ನ ಎದುರಿಗೆ ನಿಲ್ಲಿಸಿದ್ರು. ಅನಂತರಾಜು ರೆಪ್ಪೆ ಬಡಿದ. ನೀರು ಸುರೀತು. ಮತ್ತೆ ಬಡಿದ. ನನ್ನನ್ನೇ ದಿಟ್ಟಿಸ್ದ, ಗುರುತು ಸಿಗದೋನಂಗೆ ತಲೆ ಓರೆ ಮಾಡ್ದ. ಮುಗೀತು ಅನ್ಕೊಂಡೆ.

ಅವ್ನು ಮೆಲ್ಲಗೆ ಕೈ ಚಾಚಿ ನನ್ ಗಡ್ಡ ಮುಟ್ದ.

"ಲೇ ರಸೂಲ, ಪೂರಾ ಬೆಳ್ಳಗಾಗೋಗೈತಲ್ಲೋ! ಯಾವಾಗ್ಲಾ ಆಯ್ತು ಇದು?"

ನಂಗೆ ಅಳು ತಡೀಲಿಲ್ಲ. ಆಸ್ಪತ್ರೆ ಅನ್ನೋದನ್ನೂ ನೋಡ್ದೆ ಅತ್ತುಬುಟ್ಟೆ.

"ನೀನು ನೋಡ್ದೆ ಇದ್ದಾಗ ಕಣ್ಲಾ" ಅಂದೆ.